ಮಾರ್ಫೋಸೋರ್ಸ್ ವಿಮರ್ಶೆ: ಸಾಸಿವೆಯಷ್ಟು ಹಲ್ಲನ್ನು ತಿರುಗಿಸಿ ನೋಡಲು ಒಂದು ಜಾಗ

ಪರ್ಗಟೋರಿಯಸ್ ಎಂಬ ಅಳಿದುಹೋದ ಪ್ರಾಣಿಯ ಒಂದು ದವಡೆಹಲ್ಲು ಸುಮಾರು 2 ಮಿಲಿಮೀಟರ್ ಉದ್ದ. ಸಾಸಿವೆ ಕಾಳಿನಷ್ಟು. ಅಮೆರಿಕದ ಮೊಂಟಾನಾದ ಪರ್ಗಟರಿ ಹಿಲ್ ಎಂಬ ಗುಡ್ಡದಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. 1965ರಲ್ಲಿ ವ್ಯಾನ್ ವೇಲನ್ ಮತ್ತು ಸ್ಲೋನ್ ಇಟ್ಟದ್ದು. ಡೈನೋಸಾರ್‌ಗಳು ಅಳಿದ ಒಂದೂವರೆ ಲಕ್ಷ ವರ್ಷದೊಳಗೇ, ಅಂದರೆ ಸುಮಾರು 6.59 ಕೋಟಿ ವರ್ಷಗಳ ಹಿಂದೆ, ಈ ಪ್ರಾಣಿ ಮೊಂಟಾನಾದಲ್ಲಿ ಓಡಾಡುತ್ತಿತ್ತು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೋತಿ, ಲೆಮೂರ್, ಕಾಡುಪಾಪ, ಮನುಷ್ಯ ಎಲ್ಲರೂ ಸೇರಿದ ಪ್ರೈಮೇಟ್ ವಂಶದ ಬುಡಕ್ಕೆ ಅತಿ ಹತ್ತಿರದ ಪಳೆಯುಳಿಕೆ ಯಾವುದು ಎಂದು ಕೇಳಿದರೆ ಮೊದಲು ಬರುವ ಹೆಸರು ಇದೇ.

ಆದರೆ ಸಾಸಿವೆಯಷ್ಟು ಹಲ್ಲಿನ ಫೋಟೋ ನೋಡಿ ಏನು ತಿಳಿಯುತ್ತದೆ? ಪ್ರಬಂಧಗಳಲ್ಲಿ ಹಾಕುವುದು ಮೇಲಿನಿಂದ, ಒಳಮಗ್ಗುಲಿನಿಂದ, ಹೊರಮಗ್ಗುಲಿನಿಂದ ತೆಗೆದ ಮೂರು ಕಪ್ಪು ಬಿಳುಪು ಚಿತ್ರ. ಹಲ್ಲಿನ ಮೇಲಿನ ಮೊನೆಗಳು ಎಷ್ಟು ಚೂಪು, ಎಷ್ಟು ಮೊಂಡು, ಹಿಂಬದಿಯ ಬಟ್ಟಲು ಎಷ್ಟು ಅಗಲ ಎಂಬುದರ ಮೇಲೆಯೇ ವಾದವೆಲ್ಲ ನಿಂತಿದೆ. ಫೋಟೋದಲ್ಲಿ ಕಾಣದಿರುವುದು ಅದೇ. ಮಾರ್ಫೋಸೋರ್ಸ್ ಬೇಕಾಗುವುದು ಇಲ್ಲಿ.

ಅಮೆರಿಕದ ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಿಂದ 2013ರಲ್ಲಿ ಶುರುವಾದ ಆನ್‌ಲೈನ್ ಭಂಡಾರ ಇದು. ಮ್ಯೂಸಿಯಂಗಳ ಮೂಳೆ, ಹಲ್ಲು, ತಲೆಬುರುಡೆಗಳನ್ನು ಸಿಟಿ ಯಂತ್ರದಲ್ಲಿ ಅಥವಾ ಲೇಸರ್‌ನಲ್ಲಿ ಸ್ಕ್ಯಾನ್ ಮಾಡಿದ ಕಡತಗಳನ್ನು ಇಲ್ಲಿ ಇಡುತ್ತಾರೆ. ಲಕ್ಷಕ್ಕೂ ಹೆಚ್ಚು ಕಡತಗಳಿವೆ. ಕಟ್ಟಿ ಬೆಳೆಸಿದ ಡಗ್ ಬಾಯರ್ ಸ್ವತಃ ಆದಿ ಪ್ರೈಮೇಟ್‌ಗಳ ಕಾಲು ಮತ್ತು ಹಲ್ಲಿನ ತಜ್ಞ. ಹಾಗಾಗಿ ಈ ವಿಷಯದ ಮಟ್ಟಿಗೆ ಭಂಡಾರ ಮೊದಲಿನಿಂದಲೂ ಗಟ್ಟಿ. ನೋಡಲು, ಖಾತೆ ತೆರೆಯಲು ದುಡ್ಡಿಲ್ಲ. ಅಂಕ ಹಾಕಬೇಕೆಂದರೆ 5ಕ್ಕೆ 4. ಬಿಟ್ಟ ಆ ಒಂದು ಅಂಕ ಎಲ್ಲಿ ಹೋಯಿತು ಎಂಬುದನ್ನು ಕೆಳಗೆ ವಿವರವಾಗಿಯೇ ಬರೆದಿದ್ದೇವೆ.

ಹುಡುಕುವ ಬಗೆ

ಪ್ರೈಮೇಟ್ ಎಂದು ಹುಡುಕಿದರೆ ಈಗ ಬದುಕಿರುವ ಕೋತಿಗಳ ರಾಶಿ ಬಂದು ಬೀಳುತ್ತದೆ, ಪಳೆಯುಳಿಕೆ ತಳದಲ್ಲಿ ಹೂತುಹೋಗುತ್ತದೆ. ಕುಲದ ಹೆಸರನ್ನೇ ಕೊಡಿ: ಪ್ಲೆಸಿಯಡಾಪಿಸ್, ಕಾರ್ಪೋಲೆಸ್ಟಿಸ್, ಇಗ್ನೇಷಿಯಸ್, ನೋಥಾರ್ಕ್ಟಸ್, ಟೀಲಾರ್ಡಿನಾ, ಈಜಿಪ್ಟೋಪಿಥೆಕಸ್. ಹೆಸರನ್ನು ಲ್ಯಾಟಿನ್ ಲಿಪಿಯಲ್ಲೇ, ಅಕ್ಷರ ತಪ್ಪದೆ ಕೊಡಬೇಕು. ಇದಕ್ಕಿಂತ ಭದ್ರವಾದ ದಾರಿ ಎಂದರೆ ಮ್ಯೂಸಿಯಂನ ಮಾದರಿ ಸಂಖ್ಯೆ. ಪ್ರಬಂಧದ ಚಿತ್ರದ ಕೆಳಗೆ ಅಕ್ಷರ ಮತ್ತು ಅಂಕಿ ಸೇರಿದ ಸಂಖ್ಯೆ ಇರುತ್ತದಲ್ಲ, ಅದನ್ನೇ ಹುಡುಕಿ. ಈಜಿಪ್ಟಿನ ಫಾಯೂಮ್ ತಗ್ಗಿನಿಂದ ಎಲ್ವಿನ್ ಸೈಮನ್ಸ್ ತಂಡ ತಂದ ಮಾದರಿಗಳಲ್ಲಿ ಡ್ಯೂಕ್‌ನಲ್ಲಿರುವವಕ್ಕೆ ಡಿಪಿಸಿ ಎಂಬ ಮೂರು ಅಕ್ಷರ ಮುಂದಿರುತ್ತದೆ. ಈಗಿನ ಡ್ಯೂಕ್ ಲೆಮೂರ್ ಸೆಂಟರ್‌ಗೆ ಹಿಂದೆ ಪ್ರೈಮೇಟ್ ಸೆಂಟರ್ ಎಂದೇ ಹೆಸರಿದ್ದುದರ ಗುರುತು ಅದು.

ಹಳೆಯ ಹೆಸರುಗಳ ತೊಡಕೂ ಇದೆ. ನಮ್ಮ ತುಮಕೂರು ಕಡೆಯ ಕುರುಚಲು ಕಾಡಿನಲ್ಲೂ ಬೆಂಗಳೂರಿನ ಹಳೆಯ ಮರಗಳಿರುವ ಕ್ಯಾಂಪಸ್‌ಗಳಲ್ಲೂ ಇರುವ ಕಾಡುಪಾಪದ ಶಾಸ್ತ್ರೀಯ ಹೆಸರು ಈಗ ಲೋರಿಸ್ ಲಿಡೆಕ್ಕೇರಿಯಾನಸ್. ಹಿಂದೆ ಇದನ್ನೂ ಶ್ರೀಲಂಕಾದ ಲೋರಿಸ್ ಟಾರ್ಡಿಗ್ರೇಡಸ್ ಜೊತೆಗೇ ಸೇರಿಸುತ್ತಿದ್ದರು. ಹಳೆಯ ಮ್ಯೂಸಿಯಂ ಚೀಟಿಗಳಲ್ಲಿ ಆ ಹೆಸರೇ ಉಳಿದಿರಬಹುದು. ಹಾಗಾಗಿ ಬರೀ ಲೋರಿಸ್ ಎಂದು ಹುಡುಕಿ, ಮಾದರಿ ಸಿಕ್ಕಿದ ಊರು ಯಾವುದೆಂದು ನೋಡಿಕೊಳ್ಳಿ. ಪಳೆಯುಳಿಕೆಯನ್ನು ಅರ್ಥ ಮಾಡಿಕೊಳ್ಳಲು ಪಕ್ಕದಲ್ಲಿ ಬದುಕಿರುವ ಪ್ರಾಣಿಯ ಮೂಳೆ ಇರಲೇಬೇಕು. ಅದಕ್ಕೆ ಕಾಡುಪಾಪಕ್ಕಿಂತ ಒಳ್ಳೆಯ ಜೊತೆ ನಮಗೆ ಬೇರೆ ಇಲ್ಲ. ಆಗ್ನೇಯ ಏಷ್ಯಾದ ದೊಡ್ಡ ಕಣ್ಣಿನ ಪುಟ್ಟ ಪ್ರೈಮೇಟ್ ಟಾರ್ಸಿಯರ್, ಪ್ರೈಮೇಟ್‌ಗಳ ಹತ್ತಿರದ ನೆಂಟರಾದ ಟ್ರೀಶ್ರೂ, ಕೊಲುಗೊ ಈ ಮೂರನ್ನೂ ಜೊತೆಗೆ ಇಳಿಸಿಕೊಳ್ಳಿ. 2017ರಿಂದ 2023ರವರೆಗೆ ಫ್ಲೋರಿಡಾ ಮ್ಯೂಸಿಯಂ ಮುಂದಾಳತ್ವದಲ್ಲಿ ನಡೆದ ಓವರ್ಟ್ ಯೋಜನೆ 13,000ಕ್ಕೂ ಹೆಚ್ಚು ಬೆನ್ನೆಲುಬಿನ ಪ್ರಾಣಿಗಳನ್ನು ಸ್ಕ್ಯಾನ್ ಮಾಡಿ ಇಲ್ಲಿಗೆ ಸೇರಿಸಿದ ಮೇಲೆ ಹೋಲಿಕೆಯ ಸರಕಿಗೆ ಬರವಿಲ್ಲ.

ಕಡತದ ಪುಟ ತೆರೆದ ಕೂಡಲೇ ಇಳಿಸಿಕೊಳ್ಳುವ ಗುಂಡಿ ಒತ್ತಬೇಡಿ. ಮೊದಲು ನಾಲ್ಕು ಸಂಗತಿ ಓದಿ. ಸ್ಕ್ಯಾನ್ ಆದದ್ದು ಮೂಲ ಪಳೆಯುಳಿಕೆಯೋ ಅಚ್ಚು ಹೊಯ್ದು ತೆಗೆದ ಪ್ರತಿಯೋ? ಎಡಗಡೆಯದೋ ಬಲಗಡೆಯದೋ? ವಾಕ್ಸೆಲ್ ಅಳತೆ ಎಷ್ಟು? ಕಡತ ಮುಕ್ತವೋ ಅನುಮತಿ ಬೇಕಾದದ್ದೋ? ವಾಕ್ಸೆಲ್ ಅಂದರೆ ಸ್ಕ್ಯಾನಿನ ಅತಿ ಚಿಕ್ಕ ಘನ ಚುಕ್ಕೆ. ಅದರ ಒಂದು ಬದಿಯ ಉದ್ದವನ್ನು ಮಿಲಿಮೀಟರ್‌ನಲ್ಲಿ ಕೊಟ್ಟಿರುತ್ತಾರೆ. ಈ ಒಂದು ಅಂಕಿ ಗೊತ್ತಿಲ್ಲದೆ ಕಡತ ಇಳಿಸಿಕೊಂಡರೆ ಮುಂದಿನ ಅಳತೆಗಳೆಲ್ಲ ಗಾಳಿಯಲ್ಲಿ.

ಮುಕ್ತ ಕಡತಗಳನ್ನು ಬ್ರೌಸರ್‌ನಲ್ಲೇ ತಿರುಗಿಸಿ, ಹತ್ತಿರ ಎಳೆದು ನೋಡಬಹುದು. ಇಳಿಸಿಕೊಳ್ಳಲು ಖಾತೆ ಬೇಕು, ಯಾವ ಕೆಲಸಕ್ಕೆ ಎಂದು ಬರೆದು ಷರತ್ತಿಗೆ ಒಪ್ಪಬೇಕು. ಅನುಮತಿ ಬೇಕಾದ ಕಡತಕ್ಕೆ ಕೋರಿಕೆ ಕಳಿಸಿ ಕಾಯಬೇಕು. ಕೊಡುವ ಬಿಡುವ ಮಾತು ಸ್ಕ್ಯಾನ್ ಹಾಕಿದವರದು ಅಥವಾ ಮ್ಯೂಸಿಯಂನದು, ಮಾರ್ಫೋಸೋರ್ಸ್‌ನದಲ್ಲ. ‘ಅಧ್ಯಯನಕ್ಕೆ’ ಎಂದು ಒಂದೇ ಪದ ಗೀಚಿ ಕಳಿಸುವ ಬದಲು ಯಾವ ಮೂಳೆ, ಯಾವ ಅಳತೆ, ಯಾವ ತರಗತಿಗೆ, ಪ್ರಿಂಟ್ ಮಾಡುತ್ತೀರೋ ಇಲ್ಲವೋ ಎಂದು ಮೂರು ನಾಲ್ಕು ಸಾಲು ಬರೆಯಿರಿ. ಓದುವವರು ಇನ್ನೊಂದು ದೇಶದ ಮ್ಯೂಸಿಯಂನ ಒಬ್ಬ ಕೆಲಸಗಾರ. ಅವರಿಗೆ ಅನುಮಾನಕ್ಕೆ ಎಡೆ ಇರಬಾರದು. ಪ್ರಿಂಟ್ ಮಾಡಿ ಮಾರುವುದಕ್ಕೆ ಬಹುತೇಕ ಕಡತಗಳಲ್ಲಿ ಅವಕಾಶವಿಲ್ಲ.

ಉಗುರಿನ ಕಥೆ: ಈ ಸೇವೆ ಯಾಕೆ ಬೇಕು

ಬೆರಳಿನ ತುದಿಮೂಳೆ ಪರೀಕ್ಷೆಗೆ ಅತ್ಯುತ್ತಮ ವಸ್ತು. ಪಂಜದ ಉಗುರು ಹೊತ್ತ ಮೂಳೆ ಎರಡು ಮಗ್ಗುಲಿನಿಂದ ಒತ್ತಿದಂತೆ ತೆಳ್ಳಗೆ, ಎತ್ತರವಾಗಿ, ಬಾಗಿ ಇರುತ್ತದೆ. ನಮ್ಮ ಹಾಗೆ ಚಪ್ಪಟೆ ಉಗುರು ಹೊತ್ತ ಮೂಳೆ ಅಗಲವಾಗಿ, ತುದಿಯಲ್ಲಿ ಸಟ್ಟುಗದಂತೆ ಹರಡಿಕೊಂಡಿರುತ್ತದೆ. ಉಗುರು ಕೊಳೆತು ಹೋದರೂ ಕೆಳಗಿನ ಮೂಳೆ ಅದರ ಆಕಾರ ಹೇಳುತ್ತದೆ. ಮೂರನೆಯ ಬಗೆಯೊಂದಿದೆ: ಕಾಲಿನ ಎರಡನೇ ಬೆರಳಿನಲ್ಲಿ ಮೇಲಕ್ಕೆ ನೆಟ್ಟಗೆ ನಿಂತ, ತುಪ್ಪಳ ಕೆರೆದು ಶುಚಿ ಮಾಡಿಕೊಳ್ಳುವ ಉಗುರು. ಲೆಮೂರ್‌ಗಳಿಗೂ ಕಾಡುಪಾಪಕ್ಕೂ ಅದಿದೆ. ಕಾಡುಪಾಪದ ಹಿಂಗಾಲಿನ ಸ್ಕ್ಯಾನ್ ತೆರೆದು ಎರಡನೇ ಬೆರಳಿನ ತುದಿಮೂಳೆಯನ್ನು ಮೂರನೆಯದರ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಈಗ ಇದನ್ನು ಇಟ್ಟುಕೊಂಡು ಪಳೆಯುಳಿಕೆಗೆ ಹೋಗಿ. 2002ರಲ್ಲಿ ಬ್ಲಾಕ್ ಮತ್ತು ಬಾಯರ್ ವಯೋಮಿಂಗ್‌ನ ಸುಮಾರು 5.6 ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನಿಂದ ಕಾರ್ಪೋಲೆಸ್ಟಿಸ್ ಸಿಂಪ್ಸೋನಿಯ ಅಸ್ಥಿಪಂಜರವನ್ನು ವರ್ಣಿಸಿದರು. ಕಾಲಿನ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಹಿಡಿಯಬಲ್ಲದು, ಅದರ ಮೇಲೆ ಚಪ್ಪಟೆ ಉಗುರು. ಮಿಕ್ಕ ಬೆರಳುಗಳಲ್ಲಿ ಪಂಜವೇ. ಕಣ್ಣುಗುಳಿ ಇನ್ನೂ ಪಕ್ಕಕ್ಕೇ ನೋಡುತ್ತದೆ, ನೆಗೆಯುವ ಕಾಲಿನ ಲಕ್ಷಣವೂ ಇಲ್ಲ. ಅಂದರೆ ಕೊಂಬೆ ಹಿಡಿಯುವ ಕೈಕಾಲು ಮೊದಲು, ಮುಂದಕ್ಕೆ ತಿರುಗಿದ ಕಣ್ಣು ಮತ್ತು ನೆಗೆತ ಆಮೇಲೆ ಎಂಬ ಕ್ರಮಕ್ಕೆ ಇದು ದೊಡ್ಡ ಸಾಕ್ಷಿ. ಈ ಹಿಡಿತ ನಮ್ಮ ವಂಶದ್ದೇ ಆಸ್ತಿಯಲ್ಲ, ಬೇರೆಯಾಗಿಯೇ ಹುಟ್ಟಿದ್ದಿರಬಹುದು ಎಂಬ ಎದುರುವಾದವೂ ಕೂಡಲೇ ಬಂತು. ಎರಡೂ ಕಡೆಯವರು ಬೆರಳು ತೋರಿಸುವುದು ಒಂದೇ ಹೆಬ್ಬೆರಳ ಮೂಳೆಯ ಕಡೆಗೆ.

2009ರಲ್ಲಿ ದೊಡ್ಡ ಗದ್ದಲದೊಂದಿಗೆ ಬಂದದ್ದು ಜರ್ಮನಿಯ ಮೆಸೆಲ್ ಕಣಿಯ ಡಾರ್ವಿನಿಯಸ್, ‘ಇಡಾ’ ಎಂಬ ಅಡ್ಡಹೆಸರಿನದು. 4.7 ಕೋಟಿ ವರ್ಷ ಹಳೆಯದು, ಕೂದಲಿನ ಅಚ್ಚು ಕೂಡ ಉಳಿದಷ್ಟು ಪೂರ್ಣ. ಲೆಮೂರ್‌ಗಳಿಗಿರುವ ಬಾಚಣಿಗೆಯಂತಹ ಮುಂಬಲ್ಲಿಲ್ಲ, ಶುಚಿ ಮಾಡುವ ಉಗುರಿಲ್ಲ, ಹಾಗಾಗಿ ಇದು ಲೆಮೂರ್ ಕಡೆಯದಲ್ಲ, ಮಂಗ ಮತ್ತು ಮನುಷ್ಯರ ಕಡೆಯದು ಎಂದು ಅದನ್ನು ವರ್ಣಿಸಿದವರು ವಾದಿಸಿದರು. ಅದೇ ವರ್ಷ ಈಜಿಪ್ಟಿನ ಅಫ್ರಡಾಪಿಸ್ ವರ್ಣಿಸಿದ ತಂಡ ಡಾರ್ವಿನಿಯಸ್ಸನ್ನು ಮತ್ತೆ ಲೆಮೂರ್ ಕವಲಿನ ಕಡೆಗೇ ಕೂರಿಸಿತು. ಉಗುರಿನ ವಾದಕ್ಕೆ ನೇರ ಉತ್ತರ ಬಂದದ್ದು 2012ರಲ್ಲಿ. ಡಾರ್ವಿನಿಯಸ್ ಸೇರಿರುವ ಅಡಾಪಿಫಾರ್ಮ್ ಗುಂಪಿನದೇ ಆದ ಅಮೆರಿಕದ ನೋಥಾರ್ಕ್ಟಸ್‌ನ ಎರಡನೇ ಕಾಲ್ಬೆರಳಿನ ತುದಿಮೂಳೆಯಲ್ಲಿ ಶುಚಿ ಮಾಡುವ ಉಗುರಿನ ಲಕ್ಷಣಗಳಿವೆ ಎಂದು ತೋರಿಸಿದರು. 2018ರಲ್ಲಿ ಇನ್ನೂ ಹಿಂದಕ್ಕೆ: ಸುಮಾರು 5.6 ಕೋಟಿ ವರ್ಷ ಹಿಂದಿನ ಟೀಲಾರ್ಡಿನಾ ಬ್ರಾಂಟಿಯ ಕಾಲದಲ್ಲೇ ಈ ಉಗುರು ಇತ್ತು ಎಂಬ ಪ್ರಬಂಧ. ಟೀಲಾರ್ಡಿನಾ ಇರುವುದು ಟಾರ್ಸಿಯರ್ ಕಡೆಯ ಕವಲಿನಲ್ಲಿ. ಹಾಗಾದರೆ ಈ ಉಗುರು ಲೆಮೂರ್‌ಗಳ ಸ್ವಂತ ಗುರುತೇ ಅಲ್ಲ. ಎಲ್ಲ ಪ್ರೈಮೇಟ್‌ಗಳ ಪೂರ್ವಿಕನಿಗೇ ಇದ್ದಿರಬಹುದು, ನಮ್ಮ ಕಡೆಯವರು ಕಳೆದುಕೊಂಡಿರಬಹುದು. ಇದ್ದರೂ ಇಲ್ಲದಿದ್ದರೂ ಅದರಿಂದ ಡಾರ್ವಿನಿಯಸ್‌ನ ಮನೆತನ ನಿರ್ಧಾರವಾಗದು.

ಕೆಲವೇ ಮಿಲಿಮೀಟರ್ ಉದ್ದದ ಮೂಳೆಗಳ ಮೇಲೆ ನಿಂತ ವಾದ ಇದು. ಕಲ್ಲಿನ ಹಾಳೆಯಲ್ಲಿ ಅಪ್ಪಚ್ಚಿಯಾದ ಡಾರ್ವಿನಿಯಸ್‌ನ ತುದಿಮೂಳೆಯನ್ನು ಸುತ್ತಲೂ ತಿರುಗಿಸಿ ನೋಡಲು ಆಗುವುದಿಲ್ಲ. ಬಿಡಿಯಾಗಿ ಸಿಕ್ಕ ಮೂಳೆಯ ಸ್ಕ್ಯಾನನ್ನು ಮಗ್ಗುಲಿನಿಂದ, ತುದಿಯಿಂದ, ಅಂಗಾಲಿನ ಕಡೆಯಿಂದ ನೋಡಿ ಓದುಗನೇ ತೀರ್ಮಾನಕ್ಕೆ ಬರಬಹುದು. ಈ ಭಂಡಾರದ ನಿಜವಾದ ಬೆಲೆ ಅದೇ.

ಹಿಮ್ಮಡಿ ಅಳೆಯುವ ಅಭ್ಯಾಸ

ಕಾಲೇಜು ತರಗತಿಗೆ ಒಂದೇ ಅಭ್ಯಾಸ ಆರಿಸಬೇಕೆಂದರೆ ಹಿಮ್ಮಡಿ ಮೂಳೆ ಆರಿಸಿ. ಮೂರು ಆಯಾಮದ ಕಡತ ತೆರೆದು ಅಳೆಯುವ ಮೆಶ್‌ಲ್ಯಾಬ್ ಎಂಬ ಉಚಿತ ತಂತ್ರಾಂಶ, 8 ಜಿಬಿ ಮೆಮೊರಿಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೂಳೆಯ ಪೂರ್ತಿ ಉದ್ದ ಅಳೆಯಿರಿ. ಆಮೇಲೆ ಅದರ ಮೇಲೆ ಹರಡಿನ (ಪಾದದ ಗಂಟಿನ) ಮೂಳೆ ಕೂರುವ ಹಿಂದಿನ ಕೀಲುಮುಖದ ನಡುವಿನಿಂದ ಮುಂದಿನ ತುದಿಯವರೆಗೆ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಟಾರ್ಸಿಯರ್‌ನಲ್ಲಿ ಮುಂಭಾಗವೇ ಮೂಳೆಯ ಮೂರನೇ ಎರಡಕ್ಕಿಂತ ಹೆಚ್ಚು. ಅದು ನೆಗೆಯುವ ಪ್ರಾಣಿ. ನಿಧಾನಕ್ಕೆ ಕೊಂಬೆ ಹಿಡಿದು ನಡೆಯುವ ಕಾಡುಪಾಪದಲ್ಲಿ ಮುಂಭಾಗ ಮೋಟು. ಇವೆರಡರ ನಡುವೆ ಪಳೆಯುಳಿಕೆಯ ಹಿಮ್ಮಡಿ ಎಲ್ಲಿ ಬೀಳುತ್ತದೆ ನೋಡಿ.

ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಒಂದು ಮೂಳೆಯಲ್ಲಿ ಕೀಲುಮುಖದ ನಡುವಿನಿಂದ, ಇನ್ನೊಂದರಲ್ಲಿ ಅಂಚಿನಿಂದ ಅಳೆದರೆ ಅನುಪಾತ ಸುಳ್ಳಾಗುತ್ತದೆ. ಮತ್ತೊಂದು ಇನ್ನೂ ಸೂಕ್ಷ್ಮ: ಪ್ರಾಣಿ ಚಿಕ್ಕದಾದಷ್ಟೂ ಹಿಮ್ಮಡಿಯ ಮುಂಭಾಗ ತಾನಾಗಿಯೇ ಉದ್ದ. ಬಾಯರ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ಬಹಳಷ್ಟು ಜಾತಿಗಳ ಮೇಲೆ ತೋರಿಸಿದರು. ಹಾಗಾಗಿ ನೂರು ಗ್ರಾಂ ಪ್ರಾಣಿಯ ಹಿಮ್ಮಡಿಯನ್ನು ಹತ್ತು ಕಿಲೋ ಪ್ರಾಣಿಯದರ ಪಕ್ಕ ಇಟ್ಟು ‘ಇದು ನೆಗೆಯುತ್ತಿತ್ತು’ ಎನ್ನಬಾರದು. ಹತ್ತಿರದ ತೂಕದವನ್ನೇ ಹೋಲಿಸಿ.

ಈ ಅಭ್ಯಾಸ ಮಾಡಿದವರಿಗೆ ಎರಡು ಸುದ್ದಿ ತಕ್ಷಣ ಅರ್ಥವಾಗುತ್ತವೆ. 2013ರಲ್ಲಿ ಚೀನಾದ ಹುಬೇ ಪ್ರಾಂತ್ಯದಿಂದ ವರ್ಣಿಸಿದ ಆರ್ಕಿಸೀಬಸ್ ಅಕಿಲೀಸ್‌ಗೆ ಗ್ರೀಕ್ ವೀರನ ಹೆಸರು ಬಂದದ್ದೇ ಹಿಮ್ಮಡಿಯಿಂದ: 5.5 ಕೋಟಿ ವರ್ಷ ಹಳೆಯದು, ತೂಕ 20ರಿಂದ 30 ಗ್ರಾಂ, ಟಾರ್ಸಿಯರ್ ಕವಲಿನ ಬುಡದಲ್ಲಿ ಕೂರುವಂಥದ್ದು, ಆದರೆ ಹಿಮ್ಮಡಿ ಮಾತ್ರ ಮಂಗಗಳದರಂತೆ. ಕಲ್ಲು ಇಬ್ಭಾಗವಾಗಿ ಮೂಳೆ ಎರಡೂ ಹೋಳಿನಲ್ಲಿ ಹಂಚಿಹೋಗಿದ್ದರಿಂದ ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಎಂಬ ಪ್ರಬಲ ಕ್ಷ-ಕಿರಣದ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಜೋಡಿಸಬೇಕಾಯಿತು. ಇನ್ನೊಂದು ನಮ್ಮ ದೇಶದ್ದು. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5.45 ಕೋಟಿ ವರ್ಷ ಹಿಂದಿನ ಪ್ರೈಮೇಟ್ ದವಡೆಗಳು ಸಿಕ್ಕಿವೆ: ಮಾರ್ಕ್‌ಗೋಡಿನೋಷಿಯಾ ಇಂಡಿಕಾ, ಏಷ್ಯಾಡಾಪಿಸ್ ಕ್ಯಾಂಬೆಯೆನ್ಸಿಸ್ ಮುಂತಾದವು. 2016ರಲ್ಲಿ ಅಲ್ಲಿಯ 25 ಕೈಕಾಲು ಮೂಳೆಗಳ ಅಧ್ಯಯನ ಬಂತು. ಲೆಮೂರ್ ಕವಲು, ಟಾರ್ಸಿಯರ್ ಕವಲು ಎರಡರ ಲಕ್ಷಣಗಳೂ ಇನ್ನೂ ಬೇರ್ಪಡದ, ಕವಲೊಡೆದ ಜಾಗಕ್ಕೆ ತೀರ ಹತ್ತಿರದ ಮೂಳೆಗಳು. ಇಂಡಿಯಾ ಇನ್ನೂ ಏಷ್ಯಾಕ್ಕೆ ಪೂರ್ತಿ ಬೆಸೆದುಕೊಳ್ಳದ ಹೊತ್ತಿನ ಪ್ರಾಣಿಗಳು ಎಂಬುದನ್ನು ನೆನೆದರೆ ಮೈ ನವಿರೇಳುತ್ತದೆ.

ಕಿವಿಯ ಒಳಗೆ

ತಲೆಬುರುಡೆಯ ಅಡಿಯಲ್ಲಿ ನಡುಗಿವಿಯನ್ನು ಮುಚ್ಚುವ ಮೂಳೆಯ ಗುಳ್ಳೆ ಪೆಟ್ರೋಸಲ್ ಎಂಬ ಮೂಳೆಯಿಂದಲೇ ಬೆಳೆದಿದ್ದರೆ ಅದು ಪ್ರೈಮೇಟ್ ಗುರುತು ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಸ್ಕ್ಯಾನ್ ಸಿಕ್ಕಿತಲ್ಲ, ಇನ್ನು ಒಳಗೆ ನೋಡಿ ಹೇಳಿಬಿಡಬಹುದು ಎಂದುಕೊಳ್ಳುವುದು ಸಹಜ. ಆಗುವುದಿಲ್ಲ. ಪ್ರಾಣಿ ಬೆಳೆದಂತೆ ಗುಳ್ಳೆಯ ಮೂಳೆ ಪಕ್ಕದ ಮೂಳೆಗೆ ಬೆಸೆದು ಹೊಲಿಗೆ ಅಳಿಸಿಹೋಗುತ್ತದೆ. ಬೇರೆ ಮೂಳೆಯಾಗಿ ಹುಟ್ಟಿ ಕೂಡಿಕೊಂಡದ್ದೋ, ಪೆಟ್ರೋಸಲ್‌ನಿಂದಲೇ ಬೆಳೆದದ್ದೋ ಎಂದು ಬಲಿತ ಬುರುಡೆ ಹೇಳದು. ಮರಿಗಳ ಸರಣಿ ಬೇಕು. ಪಳೆಯುಳಿಕೆಯಲ್ಲಿ ಅಂಥ ಸರಣಿ ಎಲ್ಲಿಂದ ತರುವುದು? ಪ್ಲೆಸಿಯಡಾಪಿಸ್, ಇಗ್ನೇಷಿಯಸ್‌ಗಳ ಗುಳ್ಳೆಯ ಬಗ್ಗೆ ದಶಕಗಟ್ಟಲೆ ಜಗಳ ನಡೆದದ್ದು ಇದಕ್ಕೇ.

ಕಾಣುವಂಥದ್ದು ಬೇರೆ ಇದೆ. ಕಿವಿದಮಟೆಯ ಉಂಗುರ ಲೆಮೂರ್‌ನಂತೆ ಗುಳ್ಳೆಯೊಳಗೆ ಬಿಡಿಯಾಗಿದೆಯೋ, ಟಾರ್ಸಿಯರ್‌ನಂತೆ ಹೊರಗೆ ಕೊಳವೆಯಾಗಿ ಚಾಚಿದೆಯೋ ನೋಡಿ. ಕ್ಯಾರೊಟಿಡ್ ರಕ್ತನಾಳ ಹಾದುಹೋಗುವ ಮೂಳೆಯ ಕೊಳವೆ ಹುಡುಕಿ. ಇಲ್ಲಿ ವಾಕ್ಸೆಲ್ ಅಳತೆ ಎಷ್ಟಿದೆ ಎಂಬುದೇ ಮುಖ್ಯ. ಕೊಳವೆಯ ಅಗಲ 0.3 ಮಿ.ಮೀ. ಎಂದುಕೊಳ್ಳಿ. ವಾಕ್ಸೆಲ್ 0.03 ಮಿ.ಮೀ. ಇದ್ದರೆ ಅಡ್ಡಕ್ಕೆ 10 ಚುಕ್ಕೆ ಸಿಗುತ್ತದೆ, ಗೋಡೆ ಸ್ಪಷ್ಟ. 0.1 ಮಿ.ಮೀ. ಇದ್ದರೆ ಮೂರೇ ಚುಕ್ಕೆ. ತೆಳು ಗೋಡೆ ಸುತ್ತಲಿನ ಬೂದಿಬಣ್ಣದಲ್ಲಿ ಕರಗಿ ‘ಕೊಳವೆಯೇ ಇಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಎಳೆಯುತ್ತದೆ. ನೋಡಬೇಕಾದ ವಿವರಕ್ಕೆ ಕನಿಷ್ಠ ನಾಲ್ಕೈದು ವಾಕ್ಸೆಲ್ ಸಿಗದ ಕಡತವನ್ನು ಆ ಕೆಲಸಕ್ಕೆ ಇಳಿಸಿಕೊಳ್ಳಲೇಬೇಡಿ. ಮೇಲ್ಮೈ ಮಾತ್ರ ಇರುವ ಕಡತವೂ ಇದಕ್ಕೆ ಆಗದು; ಸಿಟಿಯ ಪೂರ್ತಿ ಪದರಗಳೇ ಬೇಕು.

ಕಣ್ಣಿನ ವಿಷಯ ಇಷ್ಟು ಕಷ್ಟವಿಲ್ಲ. ಪ್ಲೆಸಿಯಡಾಪಿಸ್‌ನಲ್ಲಿ ಕಣ್ಣುಗುಳಿಯ ಹಿಂದೆ ಮೂಳೆಯ ಕಂಬಿ ಇಲ್ಲ, ನೋಥಾರ್ಕ್ಟಸ್‌ನಲ್ಲಿ ಕಂಬಿ ಇದೆ, ಈಜಿಪ್ಟೋಪಿಥೆಕಸ್‌ನಲ್ಲಿ ಕಂಬಿಯ ಹಿಂದೆ ಗೋಡೆಯೇ ಎದ್ದಿದೆ. ಮೂರನ್ನೂ ಸಾಲಾಗಿ ಇಟ್ಟರೆ ಹೈಸ್ಕೂಲ್ ಮಕ್ಕಳೂ ಗುರುತಿಸುತ್ತಾರೆ.

ಕೆಡುವುದು ಎಲ್ಲಿ

ಹೆಚ್ಚಿನ ತಪ್ಪು ಅಳತೆಯ ಮೂಲಮಾನದಲ್ಲಿ. ಮೇಲ್ಮೈಯ ಆಕಾರ ಇಡುವ ಎಸ್‌ಟಿಎಲ್, ಪಿಎಲ್‌ವೈ ಕಡತಗಳಲ್ಲಿ ಬರೀ ಅಂಕಿ ಇರುತ್ತದೆ. ಅದು ಮಿಲಿಮೀಟರೋ ಮೈಕ್ರಾನೋ ವಾಕ್ಸೆಲ್ ಎಣಿಕೆಯೋ ಎಂಬುದು ಇರುವುದಿಲ್ಲ. ಇಳಿಸಿಕೊಂಡ ಹಲ್ಲು 2 ಎಂದು ತೋರಿದರೆ ಸರಿ. 2,000 ಎಂದು ತೋರಿದರೆ ಮೈಕ್ರಾನ್. ಮೆಶ್‌ಲ್ಯಾಬ್‌ನ ಟ್ರಾನ್ಸ್‌ಫಾರ್ಮ್ ಸ್ಕೇಲ್ ಫಿಲ್ಟರಿನಲ್ಲಿ 0.001 ಕೊಡಿ. 80 ಎಂದು ತೋರಿ, ಪುಟದಲ್ಲಿ ವಾಕ್ಸೆಲ್ 0.025 ಎಂದಿದ್ದರೆ ಅದು ವಾಕ್ಸೆಲ್ ಎಣಿಕೆ, 0.025ರಿಂದ ಗುಣಿಸಿ. ಪ್ರಬಂಧದಲ್ಲಿ ಕೊಟ್ಟ ಒಂದು ಅಳತೆಯ ಜೊತೆ ತಾಳೆ ನೋಡದೆ ಯಾವ ಅಂಕಿಯನ್ನೂ ಬರೆದುಕೊಳ್ಳಬೇಡಿ.

ಕನ್ನಡಿಯ ತಪ್ಪು ಇನ್ನೂ ಕಪಟಿ. ಸಿಟಿ ಪದರಗಳನ್ನು ತಿರುವುಮುರುವು ಕ್ರಮದಲ್ಲಿ ಓದಿಸಿದರೆ ಎಡ ದವಡೆ ಬಲ ದವಡೆಯಾಗಿ ಎದ್ದು ನಿಲ್ಲುತ್ತದೆ. ನೋಡಲು ಏನೂ ಕೆಟ್ಟಂತೆ ಕಾಣುವುದಿಲ್ಲ. ಪುಟದಲ್ಲಿ ‘ಎಡ’ ಎಂದಿದ್ದು ತೆರೆಯಲ್ಲಿ ಬಲ ಕಂಡರೆ ಕ್ರಮ ತಿರುಗಿಸಿ ಮತ್ತೆ ಓದಿಸಿ. ಅಚ್ಚಿನ ಪ್ರತಿಯ ಸ್ಕ್ಯಾನ್ ಆದರೆ ಒಳಗೆ ಬರೀ ರಾಳ. ಬೇರು, ದಂತಕವಚದ ದಪ್ಪ, ನರದ ಹಾದಿ ಯಾವುದೂ ಇರದು. ಅಲ್ಲಲ್ಲಿ ದುಂಡನೆ ಕಪ್ಪು ಗುಂಡಿಗಳು ಕಂಡರೆ ಅವು ಅಚ್ಚು ಹೊಯ್ಯುವಾಗ ಸಿಕ್ಕಿಕೊಂಡ ಗಾಳಿಗುಳ್ಳೆಗಳು. ಹೊರಗಿನ ಆಕಾರಕ್ಕೆ ಅಚ್ಚು ಸಾಕು, ಒಳಗಿನ ಮಾತಿಗೆ ಬೇಡ.

ಸಿಟಿ ಪದರಗಳನ್ನು ತೆರೆಯಲು ತ್ರೀಡಿ ಸ್ಲೈಸರ್, ಅದಕ್ಕೆ ಸ್ಲೈಸರ್‌ಮಾರ್ಫ್ ಎಂಬ ಸೇರ್ಪಡೆ, ಎರಡೂ ಉಚಿತ. ಗಾತ್ರದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಅಡ್ಡ, ಉದ್ದ, ಎತ್ತರ ತಲಾ 2,000 ವಾಕ್ಸೆಲ್ ಇದ್ದು ಒಂದೊಂದಕ್ಕೆ 16 ಬಿಟ್ (2 ಬೈಟ್) ಆದರೆ 800 ಕೋಟಿ ಚುಕ್ಕೆ, 16 ಜಿಬಿ. ಕೆಲಸ ಮಾಡಲು ಅದರ ನಾಲ್ಕೈದು ಪಟ್ಟು ಮೆಮೊರಿ ಬೇಕು. ಸಾಮಾನ್ಯ ಲ್ಯಾಪ್‌ಟಾಪ್ ಅಲ್ಲೇ ಮಲಗುತ್ತದೆ. ಇಮೇಜ್‌ಸ್ಟ್ಯಾಕ್ಸ್ ಎಂಬ ಭಾಗದಲ್ಲಿ ಅರ್ಧ ಗುಣಮಟ್ಟ ಆರಿಸಿದರೆ ಗಾತ್ರ ಎಂಟನೇ ಒಂದಕ್ಕೆ ಇಳಿದು 2 ಜಿಬಿ ಆಗುತ್ತದೆ. ಮೊದಲು ಹಾಗೆ ತೆರೆದು ಕಿವಿಯ ಭಾಗ ಎಲ್ಲಿದೆ ನೋಡಿ, ಆಮೇಲೆ ಅಷ್ಟು ಭಾಗಕ್ಕೆ ಮಾತ್ರ ಚೌಕಟ್ಟು ಹಾಕಿ ಪೂರ್ತಿ ಗುಣಮಟ್ಟದಲ್ಲಿ ತೆಗೆಯಿರಿ. ಟಿಫ್ ಪದರಗಳಾದರೆ ವಾಕ್ಸೆಲ್ ಅಳತೆಯನ್ನು ಕೈಯಾರೆ ತುಂಬಿ.

ಮೂಳೆ ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಗುತ್ತದೆ ಎಂದು ಬೂದಿಬಣ್ಣದ ಒಂದು ಮಟ್ಟ ಆರಿಸಬೇಕಲ್ಲ, ಅಲ್ಲಿ ಕೈ ಸ್ವಲ್ಪ ಜಾರಿದರೂ ಮೂಳೆ ದಪ್ಪವೋ ತೆಳುವೋ ಆಗುತ್ತದೆ. ಮೂಳೆಯ ಬೂದಿಮಟ್ಟ ಮತ್ತು ಪಕ್ಕದ ಗಾಳಿಯ ಅಥವಾ ಕಲ್ಲಿನ ಬೂದಿಮಟ್ಟ ಇವುಗಳ ನಡುಬಿಂದು ಹಿಡಿಯುವುದು ರೂಢಿ. ಕಬ್ಬಿಣದ ಅಂಶ ಹೆಚ್ಚಿರುವ ಕಲ್ಲು ತುಂಬಿಕೊಂಡಿದ್ದರೆ ಕ್ಷ-ಕಿರಣ ಅಲ್ಲೇ ನುಂಗಿಹೋಗಿ ಗೆರೆಗೆರೆಯಾಗಿ ಕಾಣುತ್ತದೆ; ಆ ಗೆರೆಗಳನ್ನು ಬಿರುಕು ಎಂದು ಎಣಿಸಬೇಡಿ.

ಪ್ರಿಂಟ್ ಮಾಡುವವರಿಗೆ

ನೋಥಾರ್ಕ್ಟಸ್ ಬುರುಡೆ ಏಳೆಂಟು ಸೆಂಟಿಮೀಟರ್. ನಿಜಗಾತ್ರದಲ್ಲೇ ಚೆನ್ನಾಗಿ ಬರುತ್ತದೆ. ಹಲ್ಲಿನ ಮಾತು ಬೇರೆ. ದಾರದ ಪ್ಲಾಸ್ಟಿಕ್ ಕರಗಿಸುವ ಪ್ರಿಂಟರಿನ ಮೂತಿ ಸಾಮಾನ್ಯವಾಗಿ 0.4 ಮಿ.ಮೀ.; 2 ಮಿ.ಮೀ. ಹಲ್ಲು ಅದರಲ್ಲಿ ಉಂಡೆಯಾಗಿ ಬೀಳುತ್ತದೆ. 20 ಪಟ್ಟು ಹಿಗ್ಗಿಸಿ 4 ಸೆಂಟಿಮೀಟರ್ ಮಾಡಿ. ಆಗ ಮೊನೆ, ಬಟ್ಟಲು, ಅಂಚಿನ ಏಣು ಎಲ್ಲವೂ ಬೆರಳಿಗೆ ಸಿಗುತ್ತವೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೂ ಪಾಠ ಮುಟ್ಟುತ್ತದೆ. ಎಲ್ಲ ಹಲ್ಲುಗಳನ್ನೂ ಒಂದೇ ಪಟ್ಟು ಹಿಗ್ಗಿಸಿ, ತಳದಲ್ಲಿ ‘20 ಪಟ್ಟು’ ಎಂದು ಕೆತ್ತಿಸಿ. ಇಲ್ಲದಿದ್ದರೆ ಮುಂದಿನ ವರ್ಷದ ತರಗತಿ ಪರ್ಗಟೋರಿಯಸ್ ಹಸುವಿನಷ್ಟಿತ್ತು ಎಂದುಕೊಂಡೀತು.

ಪ್ರಿಂಟಿಗೆ ಮುನ್ನ ಮೆಶ್‌ಲ್ಯಾಬ್‌ನಲ್ಲಿ ಬಿಡಿ ಚೂರುಗಳನ್ನು ತೆಗೆದುಹಾಕಿ, ತೂತು ಮುಚ್ಚಿ, ಮೇಲ್ಮೈಯನ್ನು ಕಟ್ಟುವ ತ್ರಿಕೋನಗಳ ಸಂಖ್ಯೆಯನ್ನು 2ರಿಂದ 5 ಲಕ್ಷಕ್ಕೆ ಇಳಿಸಿ. ಇಳಿಸಿದ್ದನ್ನು ಮೂಲದ ಮೇಲೆ ಇಟ್ಟು ನೋಡಿ. ಚೂಪು ಮೊನೆ ಮೊಂಡಾಗಿದ್ದರೆ ಕಡಿಮೆ ಇಳಿಸಿ. ನುಣುಪು ಮಾಡುವ ಫಿಲ್ಟರನ್ನು ಹಲ್ಲಿಗೆ ಹಾಕಲೇಬೇಡಿ. ಕೀಟ ತಿನ್ನುವ ಚೂಪು ಹಲ್ಲು ನಾಲ್ಕು ಸಲ ನುಣುಪಾದರೆ ಹಣ್ಣು ತಿನ್ನುವ ಹಲ್ಲಿನ ಹಾಗೆ ಕಾಣತೊಡಗುತ್ತದೆ.

ಆ ಒಂದು ಅಂಕ ಹೋದದ್ದು ಮೂರು ಕಾರಣಕ್ಕೆ. ಅನುಮತಿ ಬೇಕಾದ ಕಡತಕ್ಕೆ ಉತ್ತರ ಯಾವಾಗ ಬರುತ್ತದೆ ಎಂಬ ಖಾತರಿ ಇಲ್ಲದಿರುವುದರಿಂದ ಪಾಠದ ವೇಳಾಪಟ್ಟಿ ಹಾಕುವಂತಿಲ್ಲ. ಸೆಮಿಸ್ಟರ್ ಶುರುವಾಗುವ ಎರಡು ತಿಂಗಳ ಮುಂಚೆಯೇ ಕೋರಿಕೆ ಕಳಿಸಿಡಿ, ಪಕ್ಕದಲ್ಲಿ ಒಂದು ಮುಕ್ತ ಕಡತವನ್ನೂ ಆರಿಸಿಟ್ಟುಕೊಳ್ಳಿ. ಅಳತೆ, ಎಡಬಲ, ಅಚ್ಚೋ ಮೂಲವೋ ಎಂಬ ವಿವರ ತುಂಬುವುದು ಸ್ಕ್ಯಾನ್ ಹಾಕಿದವರ ಶ್ರದ್ಧೆಗೆ ಬಿಟ್ಟದ್ದು. ಒಂದು ಪುಟ ತುಂಬಿ ತುಳುಕಿದರೆ ಇನ್ನೊಂದು ಅರ್ಧ ಖಾಲಿ. ಹಾಗೆಯೇ ಯಾವ ಮೂಳೆ ಯಾವ ವಾದಕ್ಕೆ ಮುಖ್ಯ ಎಂದು ಹೊಸಬರ ಕೈ ಹಿಡಿಯುವ ವ್ಯವಸ್ಥೆ ಇಲ್ಲ. ಪ್ರಬಂಧ ಒಂದು ಕೈಯಲ್ಲಿ, ಸ್ಕ್ಯಾನ್ ಇನ್ನೊಂದು ಕೈಯಲ್ಲಿ ಇರಲೇಬೇಕು.

ಇಳಿಸಿಕೊಂಡ ಪ್ರತಿ ಕಡತದ ಜೊತೆ ಅದರ ಗುರುತುಸಂಖ್ಯೆ, ಮ್ಯೂಸಿಯಂನ ಮಾದರಿ ಸಂಖ್ಯೆ, ವಾಕ್ಸೆಲ್ ಅಳತೆ ಈ ಮೂರನ್ನೂ ಕಡತದ ಹೆಸರಿನಲ್ಲೇ ಸೇರಿಸಿ ಉಳಿಸಿ. ಮೊದಲ ದಿನಕ್ಕೆ ಇಷ್ಟು ಸಾಕು: ಒಂದು ನೋಥಾರ್ಕ್ಟಸ್ ಹಿಮ್ಮಡಿ, ಒಂದು ಟಾರ್ಸಿಯರ್ ಹಿಮ್ಮಡಿ, ಒಂದು ಕಾಡುಪಾಪದ ಹಿಮ್ಮಡಿ, ಮತ್ತು ಬರೆದುಕೊಳ್ಳಲು ಗ್ರಾಫ್ ಹಾಳೆ.